ಚಾಕುವಿಗೊಂದು ಜೇಬು

ಹೆಂಗಸರ ಬಟ್ಟೆಗೂ ಒಂದು ಜೇಬಿರಲಿ ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ. ಒಬ್ಬಳಾದರೂ ಕೇಳಬೇಕಲ್ಲ! ಉಬ್ಬಿ ಕಾಣುತ್ತದೆ, ಸೊಂಟ ದಪ್ಪ ಕಾಣುತ್ತದೆ, ಗಂಡಸರ ಅಂಗಿಯ ಹಾಗೆ ಕಾಣುತ್ತದೆ. ಬರೀ ಕಾಣುವುದೇ ಆಯಿತು. ಒಂದು ಕೈಯಲ್ಲಿ ಫೋನು, ಕಂಕುಳಲ್ಲಿ ಪರ್ಸು, ಬಾಯಲ್ಲಿ ಬೀಗದ ಕೈ ಕಚ್ಚಿಕೊಂಡು ನನ್ನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತುವ ಇವರಿಗೆ ಜೇಬು ಮಾತ್ರ ಬೇಡ. ಹೇಳಿ ಹೇಳಿ ಸಾಕಾಗಿ ನಾನು ಬಾಯಿ ಮುಚ್ಚಿಕೊಂಡ ಮೇಲೆ, ಕೊನೆಗೂ ಒಬ್ಬಳು ಎದುರಿಗೆ ನಿಂತು ನನಗೊಂದು ಜೇಬು ಬೇಕು ಎಂದಳು. ಅವಳು ಗಿರಾಕಿಯಲ್ಲ, ನನ್ನ ಮನೆಯಲ್ಲೇ ಬೆಳೆದ ತಂಗಿಯ ಮಗಳು. ಜೇಬು ಯಾತಕ್ಕೆ ಎಂದರೆ ಚಾಕು ಇಟ್ಟುಕೊಳ್ಳುವುದಕ್ಕಂತೆ.

"ಯಾವ ಚಾಕು?" ಎಂದೆ.

"ಚಿಕ್ಕದು. ಮಡಚೋ ಅಂಥದ್ದು. ಹೊರಗಿನಿಂದ ಯಾರಿಗೂ ಗೊತ್ತಾಗಬಾರದು."

"ಏನು ಹೆಚ್ಚೋಕೆ?"

"ಹೆಚ್ಚೋಕಲ್ಲ ದೊಡ್ಡಮ್ಮ. ಸುಮ್ನೆ ಜೊತೆಗೆ ಒಂದು ಇರಲಿ ಅಂತ."

ನಾನು ಕತ್ತರಿ ಕೆಳಗಿಟ್ಟೆ. ಇವಳನ್ನು ನಾವು ಕರೆಯುವುದು ಗುಬ್ಬಿ ಎಂದು. ತಿನ್ನುವುದು, ಮಲಗುವುದು, ಬೆಚ್ಚಿ ಬೀಳುವುದು ಎಲ್ಲ ಚಿಕ್ಕಂದಿನಿಂದ ಗುಬ್ಬಿಯ ಹಾಗೇ. ತಂಗಿ ತೀರಿಕೊಂಡ ಮೇಲೆ ನನ್ನ ಹೊಲಿಗೆ ಯಂತ್ರದ ಕಾಲಬುಡದಲ್ಲಿ, ಚಿಂದಿ ಬಟ್ಟೆಯ ರಾಶಿಯಲ್ಲಿ ಆಡಿಕೊಂಡೇ ದೊಡ್ಡವಳಾದಳು. ಈಗ ಎರಡು ಬೀದಿ ಆಚೆ ಇರುವ ಮೂರಂತಸ್ತಿನ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ. ಮುಂದಿನ ಗಾಜಿನ ಕಿಟಕಿಯಲ್ಲಿ ನಿಂತ ಗೊಂಬೆಗಳಿಗೆ ಬಟ್ಟೆ ತೊಡಿಸುವುದು ಅವಳೇ. ಬೇರೆಯವರು ತೊಡಿಸಿದರೆ ಅದು ಗೊಂಬೆಗೆ ಹಾಕಿದ ಬಟ್ಟೆ. ಇವಳು ನಾಲ್ಕು ಗುಂಡುಸೂಜಿ ಚುಚ್ಚಿ, ಭುಜದಲ್ಲೊಂದು ನೆರಿಗೆ ಎಳೆದಳೆಂದರೆ ಆ ಗೊಂಬೆ ಎಲ್ಲಿಗೋ ಹೊರಟು ನಿಂತಂತೆ ಇರುತ್ತದೆ. ಬಸ್ಸಿಗೆ ಓಡುತ್ತಿರುವವರೂ ಒಂದು ಗಳಿಗೆ ನಿಂತು ನೋಡುತ್ತಾರೆ. ನಾನೂ ಗಿರಾಕಿಗಳ ಮನೆಗೆ ಹೋಗುವ ನೆಪದಲ್ಲಿ ಆ ದಾರಿಯಲ್ಲೇ ಹೋಗಿ ನೋಡುತ್ತೇನೆ. ಅವಳಿಗೆ ಹೇಳಿಲ್ಲ, ಹೇಳಿದರೆ ತಲೆ ತಿರುಗೀತು.

"ಎರಡು ಬೀದಿ ನಡೆಯೋಕೆ ಚಾಕು ಬೇಕಾ ನಿಂಗೆ?" ಎಂದು ರೇಗಿದೆ. ಆ ಎರಡು ಬೀದಿಗಳಲ್ಲಿ ಸಂಜೆ ಹೊತ್ತು ಯಾರದಾದರೂ ಜೇಬು ಕತ್ತರಿಸಬೇಕೆಂದರೂ ಕಳ್ಳ ಸರದಿಯಲ್ಲಿ ನಿಲ್ಲಬೇಕು, ಅಷ್ಟು ಜನ. ಬೇಕರಿಯ ದೀಪ, ಔಷಧಿ ಅಂಗಡಿಯ ದೀಪ, ಎದುರುಬದುರು ಮಹಡಿಗಳಿಂದ ಇಣುಕುವ ಮುದುಕಿಯರು. ಅಲ್ಲಿ ಒಬ್ಬ ಸೀನಿದರೆ ಹತ್ತು ಜನಕ್ಕೆ ಗೊತ್ತಾಗುತ್ತದೆ.

"ನಿಂಗೆ ಹೊಲಿಯೋಕಾಗಲ್ಲ ಅಂದ್ರೆ ಹೇಳಿಬಿಡು," ಎಂದಳು ಗುಬ್ಬಿ. ದನಿ ಏರಿಸಲಿಲ್ಲ, ಅದೇ ನನಗೆ ಇನ್ನಷ್ಟು ಕೋಪ ಬರಿಸಿತು. "ಈ ತಿಂಗಳು ಮುಗಿದ ಮೇಲೆ ನಾನು ಕೆಲಸಕ್ಕೆ ಹೋಗಲ್ಲ. ಅಷ್ಟೆ."

ಗೊಂಬೆಗಳನ್ನು ಬಿಟ್ಟು ಇವಳು ಮನೆಯಲ್ಲಿ ಕೂರುತ್ತಾಳಂತೆ! ಕೂತು ಏನು ಮಾಡುತ್ತಾಳೆ, ನನ್ನ ಪಕ್ಕದಲ್ಲಿ ಗುಂಡಿ ಹಾಕುತ್ತಾಳೆಯೇ? ಯಾಕೆ ಎಂದು ಕೇಳಿದೆ. ಸುಮ್ಮನೆ ಎಂದಳು. ಯಾರಾದರೂ ಹಿಂದೆ ಬರುತ್ತಾರೆಯೇ ಎಂದೆ. ಇಲ್ಲ ಎಂದಳು. ಮತ್ತೆ ಯಾಕೆ ಎಂದೆ. ಸುಮ್ಮನೆ ಎಂದಳು. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯಾದರೂ ಸದ್ದು ಮಾಡುತ್ತದೆ.

ಇದರ ಜೊತೆಗೆ ನನ್ನ ಇನ್ನೊಂದು ಪ್ರಾರಬ್ಧವೆಂದರೆ ನಮ್ಮ ಯಜಮಾನರು. ರೈಲಿನಲ್ಲಿ ಟಿಕೆಟು ನೋಡುತ್ತಿದ್ದು ನಿವೃತ್ತರಾದವರು. ಟಿಕೆಟಿಲ್ಲದೆ ಹತ್ತಿದವರ ಮುಖ ನೋಡಿ ನೋಡಿ, ಲೋಕದ ಕಳ್ಳರೆಲ್ಲ ತಮಗೆ ಗೊತ್ತು ಎಂಬ ಭ್ರಮೆ. ಚಾಕು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪೇಪರು ಮಡಚಿಟ್ಟು ಚಪ್ಪಲಿ ಮೆಟ್ಟಿಕೊಂಡರು.

"ಹುಡುಗಿ ಸರಿಯಾಗೇ ಹೇಳ್ತಿದಾಳೆ. ಕಾಲ ಕೆಟ್ಟಿದೆ. ಆದ್ರೆ ಚಾಕು ತಗೊಳ್ಳೋದು ನಿಮ್ಮಂಥವರ ಕೈಲಾಗಲ್ಲ. ಬಾ ನನ್ನ ಜೊತೆ."

ಇಬ್ಬರೂ ಹೋದೆವು, ಮೂಲೆಯ ಕಬ್ಬಿಣದ ಸಾಮಾನಿನ ಅಂಗಡಿಗೆ. ಯಜಮಾನರು ಮೇಜಿನ ಮೇಲೆ ಬಗ್ಗಿ, "ಒಂದು ಚಾಕು ಬೇಕಿತ್ತು, ನಮ್ಮ ಗುಬ್ಬಿಯ ಆತ್ಮರಕ್ಷಣೆಗೆ," ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಎಂಥದೆಂದರೆ, ರೈಲು ಓಡುವಾಗಲೂ ಬೋಗಿಯ ಆ ತುದಿಗೆ ಕೇಳಿಸುತ್ತಿತ್ತು. ನಲ್ಲಿ ಕೊಳ್ಳಲು ಬಂದವನೊಬ್ಬ, ಬಣ್ಣದ ಡಬ್ಬ ಕೊಳ್ಳಲು ಬಂದವನೊಬ್ಬ, ಇಬ್ಬರೂ ತಮ್ಮ ಕೆಲಸ ಬಿಟ್ಟು ನಮ್ಮ ಹತ್ತಿರ ಬಂದರು.

ಅಂಗಡಿಯವನು ಮೊದಲು ಒಂದು ಗೇಣುದ್ದದ್ದನ್ನು ತೆಗೆದಿಟ್ಟ. ನಲ್ಲಿಯವನು ತಲೆಯಾಡಿಸಿದ. "ಉದ್ದ ಇದ್ರೆ ತೆಗೆಯೋ ಹೊತ್ತಿಗೆ ಎದುರಿನವನೇ ಕಿತ್ಕೋತಾನೆ. ಗಿಡ್ಡದ್ದು ಕೊಡಿ." ಬಣ್ಣದವನು, "ಚೂಪು ಬೇಡಮ್ಮ, ತಾನೇ ಚುಚ್ಕೊಂಡಾಳು. ಮೊಂಡಾಗಿರಲಿ, ಬರೀ ಹೆದರಿಸೋಕೆ ತಾನೆ?" ಎಂದ. ಹೆದರಿಸುವುದಕ್ಕೇ ಆದರೆ ಮನೆಯಲ್ಲಿ ಚಮಚ ಇದೆ ಎಂದೆ ನಾನು. ಯಾರೂ ನಗಲಿಲ್ಲ. ಅಂಗಡಿಯವನಂತೂ ಬಹಳ ಗಂಭೀರವಾಗಿ, "ಬರೋನು ದಪ್ಪಗಿರ್ತಾನಾ, ತೆಳ್ಳಗಿರ್ತಾನಾ?" ಎಂದು ಕೇಳಿದ. ಅಳತೆ ತಂದಿಲ್ಲ ಎಂದೆ.

ಕೊನೆಗೆ ಯಜಮಾನರು ಆರಿಸಿದ್ದು ಒಂದು ಹೆಬ್ಬೆರಳುದ್ದದ ಕೆಂಪು ಹಿಡಿಯ ಮಡಚುವ ಚಾಕು. ಅದರೊಳಗೆ ಚಾಕುವಲ್ಲದೆ ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆ, ಪುಟಾಣಿ ಕತ್ತರಿ, ಹಲ್ಲುಕಡ್ಡಿ ಎಲ್ಲ ಇದ್ದವು. ಒಂದಕ್ಕೆ ನಾಲ್ಕು ಸಿಕ್ಕಿತೆಂದು ಅವರಿಗೆ ಖುಷಿಯೋ ಖುಷಿ. ಮನೆಗೆ ಬರುವ ದಾರಿಯಲ್ಲಿ ಬೇಕರಿಯವಳು ಕರೆದು, "ಗುಬ್ಬಿಗೆ ಚಾಕು ಸಿಕ್ತಾ?" ಎಂದು ವಿಚಾರಿಸಿದಳು. ಗುಟ್ಟಿನ ಚಾಕು ನಮಗಿಂತ ಮೊದಲೇ ಮನೆ ಮುಟ್ಟಿತ್ತು.

ಅಂದು ಸಂಜೆ ಮನೆಯ ಮುಂದಿನ ನನ್ನ ಹೊಲಿಗೆ ಅಂಗಡಿಯ ಕೋಣೆಯಲ್ಲಿ ಅಭ್ಯಾಸ ನಡೆಯಿತು. ಯಜಮಾನರೇ ಕಳ್ಳ. ಪೇಪರನ್ನು ಸುರುಳಿ ಸುತ್ತಿ ಆಯುಧ ಮಾಡಿಕೊಂಡು, ಇಸ್ತ್ರಿ ಮೇಜಿನ ಹಿಂದಿನಿಂದ ನೆಗೆದು ಬಂದರು. ನೆಗೆದರು ಎಂದರೆ, ಮಂಡಿ ಹಿಡಿದುಕೊಂಡು ಎದ್ದರು. ಗುಬ್ಬಿ ಚಾಕು ಬಿಡಿಸಲು ಹೋದಳು. ಮೊದಲು ಕೊಕ್ಕೆ ಬಂತು. ಅದನ್ನು ಮಡಚಿ ಮತ್ತೊಂದು ಎಳೆದಳು, ಹಲ್ಲುಕಡ್ಡಿ ಬಂತು. ಉಗುರು ಮುರಿಯಿತು.

"ಅಷ್ಟೊತ್ತಿಗೆ ಕಳ್ಳ ಊಟ ಮುಗಿಸಿರ್ತಾನೆ, ಹಲ್ಲುಕಡ್ಡಿ ಉಪಯೋಗಕ್ಕೆ ಬರುತ್ತೆ ಬಿಡು," ಎಂದೆ.

"ನೀನು ಸುಮ್ನಿರು. ನೋಡಮ್ಮ ಗುಬ್ಬಿ, ಹಿಂದಿನಿಂದ ಬಂದು ಹೀಗೆ ಹಿಡ್ಕೊಂಡ್ರೆ ಏನ್ಮಾಡ್ತೀಯಾ?" ಎನ್ನುತ್ತ ಯಜಮಾನರು ಅವಳ ಎಡಭುಜದ ಮೇಲೆ ಕೈಯಿಟ್ಟರು. ಆಟಕ್ಕೆಂದು, ಹಗುರವಾಗಿ ಇಟ್ಟದ್ದು. ಗುಬ್ಬಿಯ ಮುಖ ಸುಣ್ಣದ ಗೋಡೆಯ ಹಾಗಾಯಿತು. ಮರುಗಳಿಗೆ ಇಡೀ ಮೈ ಕೊಸರಿ ಅವರನ್ನು ತಳ್ಳಿದಳು. ಅವರು ಹೋಗಿ ಕಪಾಟಿಗೆ ಬಿದ್ದರು, ಕಪಾಟಿನ ಮೇಲಿದ್ದ ಗುಂಡಿಗಳ ಡಬ್ಬ ನೆಲಕ್ಕೆ ಬಿತ್ತು, ಬಣ್ಣಬಣ್ಣದ ಗುಂಡಿಗಳೆಲ್ಲ ಮನೆ ತುಂಬ ಓಡಾಡಿದವು.

"ಭಲೇ!" ಎಂದರು ಯಜಮಾನರು, ಮೊಣಕೈ ಉಜ್ಜಿಕೊಳ್ಳುತ್ತ. "ಚಾಕುನೇ ಬೇಡ ಇವಳಿಗೆ!"

ಗುಬ್ಬಿ ಮುಖ ತೊಳೆಯಲು ಬಚ್ಚಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ನಾನು ಮೇಜಿನ ಕೆಳಗೆ ತೆವಳುತ್ತ, ಗುಂಡಿಗಳನ್ನು ಆರಿಸುತ್ತ, ಇಬ್ಬರಿಗೂ ಸೇರಿಸಿ ಬೈಯುತ್ತಿದ್ದೆ. ಆ ಹುಡುಗಿಯ ಮುಖ ನೋಡಿಯೂ ನನಗೆ ಹೊಳೆದದ್ದು ಗುಂಡಿಗಳ ಚಿಂತೆ.

ಇನ್ನು ಜೇಬಿನ ಕಥೆ. ಆ ಬಟ್ಟೆ ಅಂಗಡಿಯ ಕೆಲಸದ ಹೆಂಗಸರ ಯೂನಿಫಾರ್ಮು ಹೊಲಿಯುವುದು ನಾನೇ. ನೀಲಿ ಉದ್ದಂಗಿ, ಅದರ ಕೆಳಗೆ ಕಪ್ಪು ಪ್ಯಾಂಟು. ವರ್ಷದ ಹೊಲಿಗೆಯಲ್ಲಿ ಅರ್ಧ ಅದೇ, ಆ ಗುತ್ತಿಗೆಯಿಂದಲೇ ನಮ್ಮ ಮನೆ ನಡೆಯುತ್ತದೆ. ಕಳೆದ ಸಲ ಹೊಲಿಯುವ ಬಟ್ಟೆ ತಂದವನು ಅಲ್ಲಿಯ ಹೊಸ ಸೂಪರ್‌ವೈಸರ್. ಗರಿಗರಿ ಅಂಗಿ, ಮೂಗು ಕಟ್ಟುವಷ್ಟು ಸೆಂಟು. ಅವನು ಮುಟ್ಟಿದ ನನ್ನ ಟೇಪು ಎರಡು ದಿನ ಅದೇ ವಾಸನೆ ಹೊಡೆಯುತ್ತಿತ್ತು. "ಒಂದೇ ಒಂದು ಜೇಬೂ ಇರಕೂಡದಮ್ಮ," ಎಂದಿದ್ದ. "ಕೆಲಸದ ಹೆಂಗಸರ ಜೇಬು ಅಂದ್ರೆ ಅಂಗಡಿಗೆ ಬಿದ್ದ ತೂತು." ನನಗೆ ಮೈ ಉರಿಯಿತು. ಆದರೆ ಹೇಳಿದೆನಲ್ಲ, ಗುತ್ತಿಗೆ.

ಹಾಗಾಗಿ ಈ ಜೇಬು ಗುಟ್ಟಾಗಿಯೇ ಇರಬೇಕಿತ್ತು. ಮೊದಲು ಬಲಗಡೆ ಪಕ್ಕದ ಹೊಲಿಗೆಯೊಳಗೆ ಸೇರಿಸಿ ಕೊಟ್ಟೆ. ನನಗೇ ಹುಡುಕಿದರೆ ಸಿಗಬಾರದು, ಅಷ್ಟು ಸಪಾಟಾಗಿ ಕೂತಿತ್ತು. ಗುಬ್ಬಿ ಹಾಕಿಕೊಂಡು ಹೋದಳು, ಸಂಜೆ ಬಂದಳು, ಅಂಗಿ ಬಿಚ್ಚಿ ನನ್ನ ಮೇಜಿನ ಮೇಲೆಸೆದಳು.

"ಇಲ್ಲಿ ಬೇಡ ದೊಡ್ಡಮ್ಮ."

ಬಿಚ್ಚಿದೆ. ಬೆನ್ನಿನ ಹತ್ತಿರ, ಸೊಂಟದ ಪಟ್ಟಿಯೊಳಗೆ ಹೊಲಿದೆ. ಮಾರನೆಯ ದಿನ ಸಂಜೆ, ಅಲ್ಲೂ ಬೇಡವಂತೆ. ಮತ್ತೆ ಬಿಚ್ಚಿದೆ. ಕಂಕುಳ ಕೆಳಗೆ ಹೊಲಿದೆ. ಅದಕ್ಕೂ ತಲೆಯಾಡಿಸಿದಳು. ಹೊಲಿಗೆ ಬಿಚ್ಚುವುದೆಂದರೆ ಹೊಲಿಯುವುದಕ್ಕಿಂತ ಹತ್ತು ಪಾಲು ಹಿಂಸೆ. ಕಣ್ಣಿಗೆ ಕನ್ನಡಕ ಏರಿಸಿ, ಒಂದೊಂದೇ ನೂಲು ಕೀಳಬೇಕು, ಬಟ್ಟೆ ಹರಿಯಬಾರದು. ಹಾಗೆ ಕೀಳುತ್ತ ಬಗ್ಗಿದಾಗ ಆ ಅಂಗಿಯಿಂದ ಒಂದು ವಾಸನೆ ಬಂತು.

"ಇದೇನೇ, ಗಂಡಸರ ಸೆಂಟು ಹಾಕ್ಕೊಳ್ಳೋಕೆ ಶುರು ಮಾಡಿದೀಯಾ?"

"ಅಂಗಡಿ ತುಂಬಾ ಅದೇ ವಾಸನೆ," ಎಂದು ಒಳಗೆ ಹೋದಳು.

ಇಷ್ಟು ಸಾಲದು ಎಂಬಂತೆ, ಮಕ್ಕಳ ಬಟ್ಟೆಯ ವಿಭಾಗದಲ್ಲಿ ಕೆಲಸ ಮಾಡುವ ಎರಡು ಮಕ್ಕಳ ತಾಯಿಯೊಬ್ಬಳು ಮರುದಿನ ಮಧ್ಯಾಹ್ನ ಬಂದಳು. ಅತ್ತಿತ್ತ ನೋಡಿ, ಚೀಲದಿಂದ ಯೂನಿಫಾರ್ಮು ತೆಗೆದು, "ಅಮ್ಮಾ, ಗುಬ್ಬಿಗೆ ಮಾಡ್ಕೊಟ್ರಲ್ಲ, ಅಂಥದ್ದೊಂದು ನನಗೂ," ಎಂದಳು. ಅವಳ ಚಾಕು ಅಡುಗೆಮನೆಯದು, ತುದಿಗೆ ಕಾಗದ ಸುತ್ತಿಕೊಂಡಿದ್ದಳು. ನನ್ನ ಪಿತ್ತ ನೆತ್ತಿಗೇರಿತು. ನಾನು ಬಟ್ಟೆ ಹೊಲಿಯುವವಳೋ ಯುದ್ಧಕ್ಕೆ ದಂಡು ಕಟ್ಟುವವಳೋ? ಯಾತಕ್ಕೆ ಎಂದು ಕೇಳಿದರೆ ಅವಳೂ ಅದೇ ಮಾತು ಹೇಳಿದಳು. ಸುಮ್ಮನೆ, ಇರಲಿ ಅಂತ. ಬಟ್ಟೆ ಇಟ್ಟು ಹೋಗು ಎಂದೆ. ಅದನ್ನು ಮಡಚಿಡುವಾಗ ಸೊಂಟದ ಹತ್ತಿರ ಅದೇ ಸೆಂಟು. ಇವರೆಲ್ಲ ಸೇರಿ ಒಂದೇ ಬಾಟಲಿ ತಂದಿದ್ದಾರೇನೋ ಎಂದುಕೊಂಡೆ. ಹಾಳು ಬುದ್ಧಿ, ಬೇಕಾದಾಗ ಯಾವತ್ತೂ ಓಡುವುದಿಲ್ಲ.

ಆ ಸಂಜೆ ಗುಬ್ಬಿ ಬಂದು, ಪ್ಯಾಂಟಿನ ಮಡಿಕೆಯಲ್ಲಿ ಇಟ್ಟರೆ ಹೇಗೆ ಎಂದಳು. ಪಾದದ ಹತ್ತಿರ!

"ಅಲ್ಲಿಂದ ತೆಗೆಯೋಕೆ ಮೊದಲು ಕೂತ್ಕೋಬೇಕು. ಕಳ್ಳನಿಗೂ ಒಂದು ಕುರ್ಚಿ ಹಾಕ್ತೀಯಾ?"

"ಬೇರೆ ಎಲ್ಲಿಟ್ರೂ ಸಿಕ್ಕಿಬೀಳ್ತೀನಿ ದೊಡ್ಡಮ್ಮ."

"ಯಾರಿಗೆ?"

"ಚೆಕಿಂಗಿನಲ್ಲಿ. ಹೊರಗೆ ಬರೋವಾಗ ಹಿಂದಿನ ಬಾಗಿಲಲ್ಲಿ ಚೆಕ್ ಮಾಡ್ತಾರಲ್ಲ."

"ಚೆಕಿಂಗ್ ಅಂದ್ರೆ ಚೀಲ ನೋಡೋದು ತಾನೆ?"

"ಮೊದಲು ಹೆಂಗಸು ಇದ್ದಳು, ಚೀಲ ಮಾತ್ರ ನೋಡ್ತಿದ್ದಳು. ಅವಳನ್ನ ತೆಗೆದುಹಾಕಿದ್ರು. ಈಗ ಸೂಪರ್‌ವೈಸರ್ರೇ ಮಾಡ್ತಾರೆ."

ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಕೈಯಲ್ಲಿ ಸುಣ್ಣದ ಬಳಪವಿತ್ತು. ಇಡೀ ವಾರದ ರೇಗಾಟ ಗಂಟಲಿಗೆ ಬಂದಿತ್ತು. ಸೂಜಿ ಕಚ್ಚಿಕೊಂಡೇ ಹೇಳಿದೆ: "ಸರಿ ಮಾರಾಯ್ತಿ! ಅವನ ಕೈ ಎಲ್ಲಿಗೆ ಹೋಗಲ್ಲ ಅಂತ ಒಂದು ಜಾಗ ತೋರಿಸು. ಅಲ್ಲಿ ಗುರುತು ಹಾಕಿ ಅಲ್ಲೇ ಹೊಲಿದುಕೊಡ್ತೀನಿ, ಮುಗೀತು."

ಗುಬ್ಬಿ ಮೈಮೇಲಿದ್ದ ಅಂಗಿಯನ್ನು ನೋಡಿಕೊಂಡಳು. ನಿಜಕ್ಕೂ ಹುಡುಕುತ್ತಿದ್ದಳು. ಭುಜ ನೋಡಿಕೊಂಡಳು, ತೋಳು ನೋಡಿಕೊಂಡಳು, ಕೆಳಗೆ ನೋಡಿಕೊಂಡಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ತೋರಿಸಲಿಲ್ಲ.

ನಾನು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೇಜಿನ ಮೇಲಿಟ್ಟೆ. ಟೇಪಿಗೆ ಅಂಟಿದ್ದ ಸೆಂಟು, ಅಂಗಿಯ ಸೊಂಟದ ಸೆಂಟು, ಆ ಎರಡು ಮಕ್ಕಳ ತಾಯಿಯ ಅಂಗಿಯ ಸೆಂಟು ಎಲ್ಲ ಒಟ್ಟಿಗೆ ಮೂಗಿಗೆ ಬಂದಂತಾಯಿತು. ಬೀದಿಯ ಕಳ್ಳರನ್ನು ಒಂದು ವಾರದಿಂದ ಎಣಿಸುತ್ತಿದ್ದೆವು, ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಯಾರಿಗೆ ಹೆದರಿ ಚಾಕು ಇಟ್ಟುಕೊಳ್ಳಬೇಕೋ, ಆ ಚಾಕುವನ್ನು ದಿನಾ ಹುಡುಕುವವನೂ ಅವನೇ.

"ಯಾಕೆ ಹೇಳ್ಲಿಲ್ಲ?" ಎಂದೆ. ಕೂಗಿದೆನೋ ಏನೋ, ಒಳಗಿದ್ದ ಯಜಮಾನರು ಬಾಗಿಲಿಗೆ ಬಂದು ನಿಂತರು.

"ನಮ್ಮಲ್ಲೊಬ್ಬಳು ಅಂಗಡಿಯ ದೊಡ್ಡ ಯಜಮಾನ್ರಿಗೆ ಹೇಳೋಕೆ ಹೋಗಿದ್ದಳು. ಮಾರನೇ ದಿನ ಅವಳ ಚೀಲದಲ್ಲಿ ಅಂಗಡಿಯ ಲೇಸಿನ ಕಟ್ಟು ಸಿಕ್ತು. ಕಳ್ಳಿ ಅಂತ ಕಳಿಸಿಬಿಟ್ರು." ಮೇಜಿನ ಮೇಲಿದ್ದ ನೀಲಿ ಬಟ್ಟೆ ನೋಡುತ್ತ ಹೇಳಿದಳು: "ಮತ್ತೆ, ನಿನ್ನ ಯೂನಿಫಾರ್ಮ್ ಗುತ್ತಿಗೆ ಇದೆಯಲ್ಲ. ಅವನ ಕೈಯಲ್ಲೇ ಇದೆ ಅದು."

ನನ್ನ ಗುತ್ತಿಗೆಗೋಸ್ಕರ! ಕಪಾಳಕ್ಕೆ ಬಾರಿಸಬೇಕೆನ್ನಿಸಿತು, ಅವಳಿಗೋ ನನಗೋ ತಿಳಿಯಲಿಲ್ಲ. ಎಳೆದು ಅಪ್ಪಿಕೊಂಡೆ. ಅವಳು ಒಂದು ಗಳಿಗೆ ಸೆಟೆದು ನಿಂತು, ಆಮೇಲೆ ಕುಸಿದಳು.

"ಚಾಕು ಇದ್ದಿದ್ರೆ ಏನ್ಮಾಡ್ತಿದ್ದೆ ಅವನಿಗೆ?" ಎಂದು ಯಜಮಾನರು ಕೇಳಿದರು. ಈ ಸಲ ಅವರ ಪಿಸುಮಾತು ನಿಜಕ್ಕೂ ಪಿಸುಮಾತಾಗಿತ್ತು.

"ಏನೂ ಇಲ್ಲ ದೊಡ್ಡಪ್ಪ. ನನ್ನ ಹತ್ರ ಇದೆ, ಅವನಿಗೆ ಗೊತ್ತಿಲ್ಲ, ಅಷ್ಟಾಗಿದ್ರೆ ಸಾಕಿತ್ತು. ಅವನಿಗೆ ಗೊತ್ತಿಲ್ಲದ್ದು ಒಂದಾದರೂ ನನ್ನ ಹತ್ರ ಇರಬೇಕಿತ್ತು."

ಮರುದಿನ ಹೊಸ ಯೂನಿಫಾರ್ಮುಗಳನ್ನು ತಲುಪಿಸುವ ನೆಪ ಹೇಗೂ ಇತ್ತು. ಅಂಗಡಿ ಮುಚ್ಚುವ ಹೊತ್ತಿಗೆ ಸರಿಯಾಗಿ ಗಂಟು ಹೊತ್ತು, ಕೊರಳಿಗೆ ಟೇಪು ಹಾಕಿಕೊಂಡು ಹೋದೆ. ದೊಡ್ಡ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ವಯಸ್ಸಾದ ಮನುಷ್ಯ, ಮಾತು ಮೆತ್ತಗೆ, ಯಾವ ಬಟ್ಟೆ ಕಂಡರೂ ಎರಡು ಬೆರಳಲ್ಲಿ ಉಜ್ಜಿ ನೋಡುವ ಅಭ್ಯಾಸ. ತನ್ನ ಅಂಗಡಿಯ ಹಿಂದಿನ ಬಾಗಿಲನ್ನು ನೋಡಿ ಎಷ್ಟು ವರ್ಷವಾಗಿತ್ತೋ.

"ಯಜಮಾನ್ರೇ, ಹೊಸ ಬಟ್ಟೆ ಕೈ ಎತ್ತಿದಾಗ ಹೇಗೆ ಕೂರುತ್ತೆ ನೀವೇ ಒಂದು ಸಲ ನೋಡ್ಬಿಡಿ. ಎಲ್ಲರೂ ಹಿಂದೆ ಸಾಲಾಗಿ ನಿಂತಿರ್ತಾರೆ, ಬನ್ನಿ," ಎಂದೆ. ಗೊಣಗುತ್ತ ಎದ್ದು ಬಂದರು.

ಹಿಂದೆ, ರಟ್ಟಿನ ಪೆಟ್ಟಿಗೆಗಳನ್ನು ಎರಡೂ ಕಡೆ ಪೇರಿಸಿದ ಇಕ್ಕಟ್ಟಾದ ದಾರಿ. ಒಬ್ಬರು ನಿಂತರೆ ಇನ್ನೊಬ್ಬರು ದಾಟುವಂತಿಲ್ಲ. ಅದರ ಕೊನೆಯಲ್ಲಿ ಬಾಗಿಲು, ಬಾಗಿಲ ಪಕ್ಕ ಅವನು. ಹೆಂಗಸರು ಸಾಲಾಗಿ ನಿಂತಿದ್ದರು. ಗುಬ್ಬಿ ನಡುವೆ ಇದ್ದಳು, ನನ್ನನ್ನು ಕಂಡು ಕಣ್ಣರಳಿಸಿದಳು. ದೊಡ್ಡ ಯಜಮಾನರನ್ನು ಕಂಡದ್ದೇ ಅವನು ಎರಡು ಹೆಜ್ಜೆ ಹಿಂದೆ ಸರಿದು, ಚೀಲಗಳನ್ನು ಮಾತ್ರ ಇಣುಕಿ ನೋಡಿ, "ಹೋಗಮ್ಮ, ಹೋಗಮ್ಮ," ಎಂದು ಎಲ್ಲರನ್ನೂ ಕಳಿಸತೊಡಗಿದ. ಎಂಥ ಸಭ್ಯಸ್ಥ! ಮಾಲೀಕನ ಎದುರಿಗೆ ಯಾವ ಬೆಕ್ಕು ಹಾಲು ಕುಡಿಯುತ್ತದೆ?

ನಾನು ಸಾಲಿನ ಮುಂದಕ್ಕೆ ನುಗ್ಗಿ ಅವನೆದುರು ನಿಂತೆ.

"ನಾನೂ ಅಂಗಡಿಯಿಂದ ಹೊರಗೆ ಹೋಗ್ತಿದೀನಿ. ನನ್ನನ್ನೂ ಚೆಕ್ ಮಾಡಿ."

ಅವನು ನಕ್ಕ. ನನ್ನ ಚೀಲದೊಳಗೆ ಕಣ್ಣು ಹಾಯಿಸಿ, "ಆಯ್ತಮ್ಮ, ಹೋಗಿ," ಎಂದ.

"ಇಷ್ಟೇನಾ?" ನಾನು ಎರಡೂ ಕೈ ಮೇಲೆತ್ತಿದೆ. "ದಿನಾ ಇವರಿಗೆ ಮಾಡೋ ಹಾಗೇ ಮಾಡಿ. ನನ್ನ ಮೈಮೇಲೆ ಒಂದು ಚಾಕು ಇದೆ. ಎಲ್ಲಿದೆ ಅಂತ ಹುಡುಕಿ."

ಚಾಕು ನನ್ನ ಹತ್ತಿರ ಇರಲೇ ಇಲ್ಲ. ಅದು ಮನೆಯಲ್ಲಿತ್ತು, ನಮ್ಮ ಯಜಮಾನರು ಅದರಿಂದ ಪೆನ್ಸಿಲ್ ಕೆತ್ತುತ್ತ ಕೂತಿದ್ದರು. ಆದರೆ ಅವನಿಗೇನು ಗೊತ್ತು?

"ಏನಮ್ಮ ಇದು ಹುಚ್ಚಾಟ?" ಎಂದರು ದೊಡ್ಡ ಯಜಮಾನರು.

"ಹುಚ್ಚಾಟ ಅಲ್ಲ ಯಜಮಾನ್ರೇ. ನಾನು ಕಳ್ಳಿ. ನಿಮ್ಮ ಅಂಗಡಿ ಕಾಯೋನು ಇವನು. ಕಾಯಲಿ, ನೋಡೋಣ."

ಅವನ ಕೈಗಳು ಎರಡೂ ಪಕ್ಕದಲ್ಲಿ ಜೋತುಬಿದ್ದಿದ್ದವು. ಮೇಲೆ ಏಳಲಿಲ್ಲ. ಅವನು ನನ್ನನ್ನು ನೋಡಿದ, ದೊಡ್ಡ ಯಜಮಾನರನ್ನು ನೋಡಿದ, ಬಾಗಿಲನ್ನು ನೋಡಿದ. "ವಯಸ್ಸಾದವರನ್ನ ನಾನು ಹೇಗೆ ಸಾರ್..." ಎಂದು ತೊದಲಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಇನ್ನೂ ಅವನ ಮೇಲೆ ಏನೂ ಹೇಳಿರಲಿಲ್ಲ.

ನನ್ನ ತೋಳು ನೋಯತೊಡಗಿತು. ಇಷ್ಟು ಜನ ಹೆಂಗಸರಿದ್ದಾರೆ, ಒಬ್ಬಳಾದರೂ ಬಾಯಿ ಬಿಡಬಾರದೇ ಎಂದು ಹಲ್ಲು ಕಡಿದೆ. ಇವರೂ ಸುಮ್ಮನಿದ್ದರೆ ನಾನು ನಿಜಕ್ಕೂ ಹುಚ್ಚಿಯಾಗಿ ಮನೆಗೆ ಹೋಗಬೇಕಿತ್ತು. ನಾಳೆ ಗುಬ್ಬಿಯ ಚೀಲದಲ್ಲೂ ಒಂದು ಲೇಸಿನ ಕಟ್ಟು ಸಿಗುತ್ತಿತ್ತು.

"ಎಡಗಡೆ ಭುಜದಿಂದ ಶುರು ಮಾಡ್ತೀರಲ್ಲ ಸಾರ್, ದಿನಾ," ಎಂದಿತು ಒಂದು ದನಿ.

ನಮ್ಮ ಗುಬ್ಬಿಯದು. ಸಣ್ಣ ದನಿ, ಆದರೆ ನಡುಕವಿರಲಿಲ್ಲ.

"ಆಮೇಲೆ ಕಂಕುಳು." ಇದು ಎರಡು ಮಕ್ಕಳ ತಾಯಿ.

"ಆಮೇಲೆ ಬೆನ್ನು," ಎಂದಳು ಹಿಂದಿನಿಂದ ಇನ್ನೊಬ್ಬಳು, ನನಗೆ ಮುಖ ಕಾಣಲಿಲ್ಲ.

"ಸೊಂಟ."

"ಸೊಂಟಕ್ಕೆ ಎರಡು ಸಲ."

ನಾನು ಅಳತೆ ತೆಗೆಯುವುದೂ ಇದೇ ಕ್ರಮದಲ್ಲಿ. ಭುಜ, ಕಂಕುಳು, ಬೆನ್ನು, ಸೊಂಟ. ಒಂದೊಂದಕ್ಕೂ ಮೊದಲು ಕೈ ಎತ್ತಮ್ಮ, ಸ್ವಲ್ಪ ತಿರುಗಮ್ಮ ಎಂದು ಕೇಳಿಯೇ ಮುಟ್ಟುತ್ತೇನೆ. ಈ ಸಾಲಿನಲ್ಲಿದ್ದ ಪ್ರತಿಯೊಬ್ಬಳ ಅಳತೆಯೂ ನನಗೆ ಬಾಯಿಪಾಠ. ಈಗ ಅದೇ ಮೈಗಳು ಅದೇ ಅಳತೆಯನ್ನು ಒಪ್ಪಿಸುತ್ತಿದ್ದವು, ಕೇಳದೆ ಮುಟ್ಟಿದವನ ಎದುರಿಗೆ. ಅವರು ನಿಲ್ಲಿಸಲಿಲ್ಲ. ಸೊಂಟದ ಕೆಳಗಿನದನ್ನೂ ಹೇಳಿದರು. ದೊಡ್ಡ ಯಜಮಾನರು ಪಕ್ಕದ ರಟ್ಟಿನ ಪೆಟ್ಟಿಗೆಯನ್ನು ಹಿಡಿದುಕೊಂಡರು. "ಸಾಕು," ಎಂದರು. ಯಾರೂ ಕೇಳಲಿಲ್ಲ. ಕೊನೆಯವಳು ಹೇಳಿ ಮುಗಿಸುವವರೆಗೂ ನಾನು ಕೈ ಇಳಿಸಲಿಲ್ಲ.

ಆ ಮೇಲೆ ನಡೆದದ್ದರಲ್ಲಿ ಹೇಳಿಕೊಳ್ಳುವಂಥದ್ದು ಬಹಳವಿಲ್ಲ. ಅವನು ಮರುದಿನ ಇರಲಿಲ್ಲ. ಹಳೆಯ ಚೆಕಿಂಗಿನ ಹೆಂಗಸು ಹಿಂದಿನ ಬಾಗಿಲಿಗೆ ವಾಪಸು ಬಂದಳು, ಲೇಸಿನ ಕಳ್ಳಿ ಎಂದು ಕಳಿಸಿದ್ದ ಹುಡುಗಿಗೂ ಕರೆ ಹೋಯಿತು. ಅವಳು ಬರಲ್ಲ ಎಂದಳಂತೆ, ಸರಿಯಾಗೇ ಅಂದಳು. ದೊಡ್ಡ ಯಜಮಾನರು ಕ್ಷಮಿಸಿ ಎಂಬ ಮಾತನ್ನು ಯಾರಿಗೂ ಹೇಳಲಿಲ್ಲ. ನನ್ನ ಗುತ್ತಿಗೆ ತೆಗೆಯಲಿಲ್ಲ, ಬದಲಿಗೆ ಹೊಸ ಯೂನಿಫಾರ್ಮುಗಳ ಗಂಟನ್ನು ಹಾಗೇ ಹಿಂದಕ್ಕೆ ಕಳಿಸಿ, ಬೇಕಾದರೆ ಜೇಬು ಇಡಬಹುದು ಎಂದು ಹೇಳಿ ಕಳಿಸಿದರು. ಇಡಬಹುದಂತೆ! ದೊಡ್ಡ ಅಪ್ಪಣೆ! ಮುಗಿದ ಬಟ್ಟೆಯ ಪಕ್ಕದ ಹೊಲಿಗೆಗಳನ್ನೆಲ್ಲ ಬಿಚ್ಚಿ ಮತ್ತೆ ಕೂರಿಸುವುದೆಂದರೆ ಏನೆಂದು ಆ ಮನುಷ್ಯನಿಗೆ ಗೊತ್ತಿದೆಯೇ? ಬೈದುಕೊಂಡೇ ಬಿಚ್ಚಿದೆ, ಬೈದುಕೊಂಡೇ ಹೊಲಿದೆ. ಎರಡೂ ಪಕ್ಕಕ್ಕೆ, ಮಣಿಕಟ್ಟಿನವರೆಗೆ ಕೈ ಇಳಿಯುವಷ್ಟು ಆಳಕ್ಕೆ.

ಮೊದಲನೆಯದನ್ನು ಗುಬ್ಬಿಯೇ ಹಾಕಿಕೊಂಡಳು. ಕಿಟಕಿಯ ಗೊಂಬೆಗಳಿಗೆ ಅವತ್ತು ಚಳಿಗಾಲದ ಬಟ್ಟೆ ಹಾಕಬೇಕಿತ್ತು, ಅವಸರದಲ್ಲಿದ್ದಳು. ನಾನು ಸುತ್ತ ತಿರುಗಿ ನೋಡಿದೆ. ಬಲಗಡೆ ಜೇಬು ಸ್ವಲ್ಪ ಉಬ್ಬಿತ್ತು.

"ಅದರಲ್ಲೇನಿದೆ? ಆ ಚಾಕುನಾ?"

"ಚಾಕು ದೊಡ್ಡಪ್ಪನ ಹತ್ರ ಇದೆ. ಹಲ್ಲುಕಡ್ಡಿ ಕಳೆದುಹೋಗಿದೆ ಅಂತ ಹುಡುಕ್ತಾ ಇದಾರೆ."

"ಮತ್ತೇನದು?"

"ಕೈ," ಎಂದಳು. "ನನ್ನ ಕೈ."

ಹೊಸ ಜೇಬಿಗೆ ಹಾಗೆ ಕೈ ತುರುಕಿಕೊಂಡು ತಿರುಗಿದರೆ ಹೊಲಿಗೆ ಸಡಿಲವಾಗುತ್ತದೆ, ಅಂಗಿ ಒಂದು ಪಕ್ಕಕ್ಕೆ ಜೋತುಬೀಳುತ್ತದೆ. ಇಷ್ಟು ಕಷ್ಟಪಟ್ಟು ಕೂರಿಸಿದ್ದೇನೆ, ತೆಗೆಯೇ ಕೈ ಎಂದು ಮೆಟ್ಟಿಲ ಮೇಲೆ ನಿಂತು ಕೂಗಿದೆ. ಬೀದಿಯ ತಿರುವಿನವರೆಗೂ ನೋಡಿದೆ. ಅವಳು ತೆಗೆಯಲಿಲ್ಲ.